ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿಗೆ ಆಯ್ಕೆ ಕೊಡುವುದು ಹೇಗೆ? ಕೊಡಗಿನ ಕಾಫಿಪುಡಿ ಮಾರಾಟಗಾರರಿಗೆ ಹಂತ ಹಂತದ ಮಾರ್ಗದರ್ಶಿ

ಸ್ವಂತ ತೋಟದ ಕಾಫಿ, ಕಾಳುಮೆಣಸು, ಜೇನು, ಹೋಂಮೇಡ್ ಚಾಕೊಲೇಟುಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟ ಕೊಡಗಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಒಬ್ಬರಿಗೆ ಚಿಕೋರಿ ಬೇಡ, ಇನ್ನೊಬ್ಬರಿಗೆ 20 ಪರ್ಸೆಂಟ್ ಬೇಕು, ಮತ್ತೊಬ್ಬರಿಗೆ ಪುಡಿಯೇ ಬೇಡ, ಹುರಿದ ಬೀಜ ಸಾಕು. ಇದನ್ನೆಲ್ಲ ವೆಬ್‌ಸೈಟಿನಲ್ಲಿ ಹೇಗೆ ಕೂರಿಸುವುದು?"

ಕೂರಿಸುವ ಕೆಲಸ ಕಷ್ಟದ್ದಲ್ಲ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ತೊಂದರೆ ಬರುವುದು ಅದಕ್ಕೂ ಮೊದಲಿನ ಯೋಚನೆಯಲ್ಲಿ. ಗಿರಾಕಿ ಕೇಳಬಹುದಾದ ಎಲ್ಲವನ್ನೂ ಒಂದೇ ಬಗೆಯ ಆಯ್ಕೆ ಎಂದುಕೊಂಡು ಸೈಟಿಗೆ ತುಂಬಿದರೆ ಪಟ್ಟಿ ನೂರಾರಕ್ಕೆ ಬೆಳೆಯುತ್ತದೆ, ದಾಸ್ತಾನಿನ ಲೆಕ್ಕ ತಪ್ಪುತ್ತದೆ, ಪುಡಿ ಬೇಕಾದವರಿಗೆ ಬೀಜ ಹೋಗುತ್ತದೆ. ಹಾಗಾಗಿ ಕಂಪ್ಯೂಟರ್ ತೆರೆಯುವ ಮೊದಲೇ ಮಾಡಬೇಕಾದ ಎರಡು ಹಂತಗಳನ್ನು ದಯವಿಟ್ಟು ಬಿಡಬೇಡಿ. ಉದಾಹರಣೆಗೆ ಕಾಫಿಪುಡಿಯನ್ನೇ ಹಿಡಿದಿದ್ದೇನೆ. ಮೆಣಸಿಗೂ ಜೇನಿಗೂ ಕ್ರಮ ಇದೇ, ಆಯ್ಕೆಗಳು ಮಾತ್ರ ಕಡಿಮೆ.

ಶುರುಮಾಡುವಾಗ ಕೈಯಲ್ಲಿ ಇರಬೇಕಾದವು: ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿಯ 14 ಅಂಕಿಯ ಸಂಖ್ಯೆ, ನೀವು ನಿಜವಾಗಿ ಪ್ಯಾಕ್ ಮಾಡುವ ತೂಕಗಳ ಪಟ್ಟಿ, ಪ್ರತಿ ತೂಕದ ಬೆಲೆ, ಕಟ್ಟಿ ಮುಗಿಸಿದ ಒಂದೊಂದು ಪಾರ್ಸೆಲ್‌ನ ತೂಕ, ಪ್ರತಿ ಬಗೆಗೂ ಒಂದು ಸ್ಪಷ್ಟವಾದ ಫೋಟೋ. ಪಾರ್ಸೆಲ್ ತೂಕ ಯಾಕೆ ಎಂಬುದು ಏಳನೇ ಹಂತದಲ್ಲಿದೆ.

1. ಮೊದಲು ಹಾಳೆಯ ಮೇಲೆ ಗುಣಿಸಿ ನೋಡಿ

ಕೊಡಬೇಕೆಂದಿರುವ ಆಯ್ಕೆಗಳನ್ನೆಲ್ಲ ಬರೆಯಿರಿ. ಬೀಜದಲ್ಲಿ ಅರೇಬಿಕಾ, ರೋಬಸ್ಟಾ, ಪೀಬೆರಿ ಎಂದು ಮೂರು. (ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ದುಂಡು ಬೀಜ ಇದ್ದರೆ ಅದು ಪೀಬೆರಿ.) ಹುರಿಯುವ ಹದ ಮೂರು: ಲೈಟ್, ಮೀಡಿಯಂ, ಡಾರ್ಕ್. ಚಿಕೋರಿ ಪ್ರಮಾಣ ನಾಲ್ಕು. ತರಿ ಐದು: ಇಡೀ ಬೀಜ, ಫ್ರೆಂಚ್ ಪ್ರೆಸ್‌ಗೆ ದಪ್ಪ, ನಮ್ಮ ಫಿಲ್ಟರಿಗೆ, ಮೋಕಾ ಪಾಟ್‌ಗೆ, ಎಸ್ಪ್ರೆಸೊಗೆ ನಯ. ತೂಕ ಮೂರು: 250 ಗ್ರಾಂ, 500 ಗ್ರಾಂ, 1 ಕೆ.ಜಿ.

ಈಗ ಗುಣಿಸಿ. 3 × 3 × 4 × 5 × 3 ಅಂದರೆ 540. ಒಂದೇ ಕಾಫಿಪುಡಿಗೆ 540 ಸಾಲು. ಪ್ರತಿ ಸಾಲಿಗೂ ಬೆಲೆ ತುಂಬಬೇಕು, ಬೆಲೆ ಏರಿದಾಗ ಅಷ್ಟನ್ನೂ ತಿದ್ದಬೇಕು. ಗಿರಾಕಿಯ ಮುಂದೆಯೂ ಐದು ಪ್ರಶ್ನೆಗಳು ಸಾಲಾಗಿ ನಿಲ್ಲುತ್ತವೆ. ಕಾಫಿಯ ಬಗ್ಗೆ ಅಷ್ಟೇನೂ ತಿಳಿಯದವರು ಮೂರನೆಯ ಪ್ರಶ್ನೆಗೇ ಪುಟ ಮುಚ್ಚಿ ಹೋಗುತ್ತಾರೆ.

2. ಆಯ್ಕೆಗಳನ್ನು ಬೇರ್ಪಡಿಸಿ

ಇಡೀ ಲೇಖನದಲ್ಲಿ ಇದೇ ಮುಖ್ಯ ಹಂತ. ಪಟ್ಟಿಯ ಪ್ರತಿ ಆಯ್ಕೆಗೂ ಎರಡು ಪ್ರಶ್ನೆ ಹಾಕಿ: ಇದು ಬದಲಾದರೆ ಬೆಲೆ ಬದಲಾಗುತ್ತದೆಯೇ? ಇದಕ್ಕೆ ಬೇರೆ ದಾಸ್ತಾನು ಇಡುತ್ತೀರಾ?

ಎರಡರಲ್ಲಿ ಒಂದಕ್ಕಾದರೂ ಹೌದು ಎಂದಾದರೆ ಅದು ವೇರಿಯೇಷನ್ ಆಗಬೇಕು. ವೇರಿಯೇಷನ್ ಎಂದರೆ ಒಂದೇ ಸರಕಿನೊಳಗೆ ತನ್ನದೇ ಬೆಲೆ, ತೂಕ, ದಾಸ್ತಾನು ಇರುವ ಒಂದು ಬಗೆ. 250 ಗ್ರಾಂ ಮತ್ತು 500 ಗ್ರಾಂ ಹೀಗೆಯೇ. ಚಿಕೋರಿ ಕಾಫಿಗಿಂತ ಅಗ್ಗ, ಆದ್ದರಿಂದ ಚಿಕೋರಿ ಪ್ರಮಾಣವೂ ಇದೇ ಗುಂಪಿಗೆ.

ಎರಡಕ್ಕೂ ಇಲ್ಲ ಎಂದಾದರೆ ಅದು ನಿಮಗೆ ಕೊಡುವ ಸೂಚನೆ ಅಷ್ಟೇ. ತರಿ ಇದಕ್ಕೆ ಒಳ್ಳೆಯ ಉದಾಹರಣೆ. ಹುರಿದ ಬೀಜದ ಡಬ್ಬ ಒಂದೇ, ಆರ್ಡರ್ ಬಂದ ಮೇಲೆ ಯಂತ್ರದ ತಿರುಪು ಬದಲಿಸುತ್ತೀರಿ, ಬೆಲೆ ಅದೇ. ಐದು ತರಿಗೆ ಐದು ದಾಸ್ತಾನು ತೋರಿಸಿದರೆ ಸೈಟಿನಲ್ಲಿ "ಫಿಲ್ಟರ್ ಪುಡಿ ಖಾಲಿ" ಎಂದು ಬರುತ್ತದೆ, ಶೆಡ್ಡಿನಲ್ಲಿ ಬೀಜ ತುಂಬಿರುತ್ತದೆ.

ಗಿಫ್ಟ್ ಪ್ಯಾಕಿಂಗ್, ಶುಭಾಶಯದ ಚೀಟಿ, ಜೊತೆಗೊಂದು ಸ್ಟೀಲ್ ಫಿಲ್ಟರ್ ಇವೆಲ್ಲ ಸರಕಿನ ಮೇಲೆ ಹೆಚ್ಚುವರಿಯಾಗಿ ಸೇರುವಂಥವು. ಇವುಗಳನ್ನು ಆಡ್-ಆನ್ ಎನ್ನುತ್ತಾರೆ.

ಉಳಿದದ್ದು ಹುರಿಯುವ ಹದ. ಇಲ್ಲಿ ನನ್ನ ಅಭಿಪ್ರಾಯ ಖಚಿತ: ಸಣ್ಣ ಪ್ರಮಾಣದಲ್ಲಿ ಹುರಿಯುವವರು ಹದವನ್ನು ಗಿರಾಕಿಗೆ ಬಿಡಬೇಡಿ. ನಿಮ್ಮ ಬೀಜಕ್ಕೆ ಯಾವ ಹದ ಹೊಂದುತ್ತದೆಂದು ನಿಮಗೆ ಗೊತ್ತು. ಒಬ್ಬರ 250 ಗ್ರಾಂ ಲೈಟ್ ರೋಸ್ಟಿಗಾಗಿ ಹುರಿಯುವ ಯಂತ್ರವನ್ನು ಬಿಸಿ ಮಾಡುವುದು ಲಾಭದ ಮಾತಲ್ಲ. ಬೀಜ, ಹದ, ಚಿಕೋರಿ ಮೂರನ್ನೂ ಸೇರಿಸಿ ನಾಲ್ಕು ಹೆಸರಿನ ಮಿಶ್ರಣಗಳನ್ನು ಮಾಡಿ: ಶುದ್ಧ ಅರೇಬಿಕಾ ಮೀಡಿಯಂ, ಪೀಬೆರಿ ಮೀಡಿಯಂ, ಚಿಕೋರಿ ಇಲ್ಲದ ಅರೇಬಿಕಾ-ರೋಬಸ್ಟಾ, ಅದೇ 20 ಪರ್ಸೆಂಟ್ ಚಿಕೋರಿಯೊಂದಿಗೆ. ನಾಲ್ಕು ಮಿಶ್ರಣ, ಮೂರು ತೂಕ, ಒಟ್ಟು 12 ವೇರಿಯೇಷನ್. ತರಿ ಸೂಚನೆಯಾಗಿ ಹೊರಗಿರುತ್ತದೆ. 540 ಇದ್ದದ್ದು 12ಕ್ಕೆ ಇಳಿಯಿತು, ಗಿರಾಕಿಗೆ ಮುಖ್ಯವಾಗಿ ಬೇಕಾದದ್ದು ಯಾವುದೂ ತಪ್ಪಲಿಲ್ಲ.

3. ಕಾನೂನಿನ ಗೆರೆಗಳು

ಚಿಕೋರಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ ಎಂದು ಖಾಲಿ ಖಾನೆ ಕೊಡುವಂತಿಲ್ಲ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕದ ಲೆಕ್ಕದಲ್ಲಿ ಕನಿಷ್ಠ 51 ಪರ್ಸೆಂಟ್ ಇರಲೇಬೇಕು, ಎರಡರ ಪ್ರಮಾಣವೂ ಲೇಬಲ್ ಮೇಲೆ ಇರಬೇಕು. ಅಂದರೆ ಪ್ರತಿ ಹೊಸ ಪ್ರಮಾಣಕ್ಕೂ ಹೊಸ ಲೇಬಲ್ ಬೇಕಾಗುತ್ತದೆ. ಒಂದು ಅಥವಾ ಎರಡು ಪ್ರಮಾಣಕ್ಕೆ ನಿಲ್ಲಿಸುವುದು ಒಳ್ಳೆಯದು ಎನ್ನಲು ಇದೂ ಕಾರಣ.

ಸೈಟಿನ ಪುಟದಲ್ಲಿ ಎಂಆರ್‌ಪಿ, ನಿವ್ವಳ ತೂಕ, ತಯಾರಿಸಿದವರ ಹೆಸರು-ವಿಳಾಸ, ದೂರಿಗೆ ಸಂಪರ್ಕ ಕಾಣಬೇಕು. ತೂಕ ಬದಲಿಸಿದಾಗ ಎಂಆರ್‌ಪಿಯೂ ಬದಲಾಗುತ್ತದೆಯೇ ಎಂದು ನೋಡಿಕೊಳ್ಳಿ. 250 ಗ್ರಾಂನ ಎಂಆರ್‌ಪಿಯನ್ನು ವಿವರಣೆಯಲ್ಲಿ ಬರೆದು 1 ಕೆ.ಜಿ.ಗೂ ಅದನ್ನೇ ಬಿಟ್ಟಿರುವ ಪುಟಗಳು ಬಹಳ ಕಾಣಸಿಗುತ್ತವೆ.

ಆಡ್-ಆನ್‌ಗೆ ಮೊದಲೇ ಟಿಕ್ ಹಾಕಿಡಬೇಡಿ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಒಪ್ಪಿಗೆ ಗಿರಾಕಿಯೇ ಕೊಡಬೇಕು, ಮೊದಲೇ ಟಿಕ್ ಆಗಿರುವ ಖಾನೆ ಒಪ್ಪಿಗೆ ಎನಿಸುವುದಿಲ್ಲ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದನ್ನು 2023ರ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನು ಯಾಮಾರಿಸುವ ವಿನ್ಯಾಸ) ಮಾರ್ಗಸೂಚಿಯೂ ನಿಷೇಧಿಸಿದೆ.

ಕೊಡಗಿನ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ತೋಟ ಕೊಡಗಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಜಿಐ ಚಿಹ್ನೆಯನ್ನು ಮಿಶ್ರಣದ ಫೋಟೋಗೆ ಅಂಟಿಸಬೇಡಿ, ಅದಕ್ಕೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಇನ್ನು ಹೋಂಮೇಡ್ ವೈನ್: ಅದು ಅಬಕಾರಿ ಪರವಾನಗಿಯ ವಿಷಯ. ಗಿಫ್ಟ್ ಬಾಕ್ಸಿನ ಆಯ್ಕೆಗಳ ನಡುವೆ ಅದನ್ನು ಸೇರಿಸಬೇಡಿ.

4. ವೂಕಾಮರ್ಸ್‌ನಲ್ಲಿ ಕೂರಿಸುವುದು

ವೂಕಾಮರ್ಸ್ ಎಂದರೆ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಮಾಡಿದ ಸೈಟಿಗೆ ಅಂಗಡಿ ಸೇರಿಸುವ ಉಚಿತ ಪ್ಲಗಿನ್, ಅಂದರೆ ಪೂರಕ ತಂತ್ರಾಂಶ. ನಮ್ಮಲ್ಲಿ ಸ್ವಂತ ಸೈಟ್ ಮಾಡಿಸಿಕೊಂಡ ಅನೇಕರ ಬಳಿ ಇದೇ ಇರುವುದರಿಂದ ವಿವರವಾಗಿ ಹೇಳುತ್ತೇನೆ.

ಅ) ಪ್ರಾಡಕ್ಟ್ಸ್ ಮೆನುವಿನಲ್ಲಿ ಆಟ್ರಿಬ್ಯೂಟ್ಸ್ ತೆರೆಯಿರಿ. ಆಟ್ರಿಬ್ಯೂಟ್ ಎಂದರೆ ಆಯ್ಕೆಯ ಶೀರ್ಷಿಕೆ. ಮಿಶ್ರಣ, ತೂಕ, ತರಿ ಎಂದು ಮೂರನ್ನು ಮಾಡಿ. ಇಲ್ಲಿ ಸ್ಲಗ್ ಎಂಬ ಖಾನೆ ಇದೆ, ಕಂಪ್ಯೂಟರ್ ಒಳಗೊಳಗೆ ಬಳಸುವ ಚುಟುಕು ಹೆಸರು ಅದು. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಸ್ಲಗ್‌ನ ಮಿತಿ 28 ಸ್ಥಾನ. ಕನ್ನಡದ ಪ್ರತಿ ಚಿಹ್ನೆಯೂ ಅದರಲ್ಲಿ ಮೂರು ಸ್ಥಾನ ತಿನ್ನುವುದರಿಂದ "ಪುಡಿಯ ತರಿ ಆರಿಸಿ" ಎಂಬಷ್ಟಕ್ಕೇ ಎರರ್ ಬರುತ್ತದೆ. ಗಿರಾಕಿಗೆ ಕಾಣುವ ಹೆಸರು ಕನ್ನಡದಲ್ಲೇ ಇರಲಿ, ತೊಂದರೆಯಿಲ್ಲ.

ಆ) ಪ್ರತಿ ಆಟ್ರಿಬ್ಯೂಟಿನೊಳಗೆ ಅದರ ಆಯ್ಕೆಗಳನ್ನು ತುಂಬಿ: ತೂಕದಲ್ಲಿ 250 ಗ್ರಾಂ, 500 ಗ್ರಾಂ, 1 ಕೆ.ಜಿ., ಹೀಗೆ. ಎಳೆದು ಕ್ರಮ ಬದಲಿಸಬಹುದು, ಚಿಕ್ಕದು ಮೇಲಿರಲಿ. ತರಿಯ ಹೆಸರುಗಳನ್ನು ಪಾತ್ರೆಯ ಹೆಸರಿನಿಂದ ಗುರುತಿಸಿ. "ಮಧ್ಯಮ ನಯ" ಎಂದರೆ ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ. "ಸ್ಟೀಲ್ ಫಿಲ್ಟರಿಗೆ" ಎಂದರೆ ಬೆಂಗಳೂರಿನ ಗಿರಾಕಿಗೂ ಚೆನ್ನೈನ ಗಿರಾಕಿಗೂ ಒಂದೇ ಅರ್ಥ.

ಇ) ಹೊಸ ಪ್ರಾಡಕ್ಟ್ ಮಾಡಿ. ಕೆಳಗಿನ ಪ್ರಾಡಕ್ಟ್ ಡೇಟಾ ಪೆಟ್ಟಿಗೆಯಲ್ಲಿ ಸಿಂಪಲ್ ಪ್ರಾಡಕ್ಟ್ ಎಂದಿರುವುದನ್ನು ವೇರಿಯಬಲ್ ಪ್ರಾಡಕ್ಟ್‌ಗೆ ಬದಲಿಸಿ. ಆಟ್ರಿಬ್ಯೂಟ್ಸ್ ಟ್ಯಾಬಿನಲ್ಲಿ ಮೂರನ್ನೂ ಸೇರಿಸಿ, ಮೂರಕ್ಕೂ "ಯೂಸ್ಡ್ ಫಾರ್ ವೇರಿಯೇಷನ್ಸ್" ಟಿಕ್ ಹಾಕಿ, ಸೇವ್ ಮಾಡಿ. ಈ ಟಿಕ್ ಮರೆತರೆ ಮುಂದಿನ ಟ್ಯಾಬಿನಲ್ಲಿ ಆ ಆಯ್ಕೆ ಕಾಣುವುದೇ ಇಲ್ಲ. "ಎಲ್ಲ ಮಾಡಿದೆ, ಆದರೂ ಬರುತ್ತಿಲ್ಲ" ಎನ್ನುವ ಪ್ರಶ್ನೆಗಳಿಗೆ ಬಹುಪಾಲು ಉತ್ತರ ಇದೇ.

ಈ) ವೇರಿಯೇಷನ್ಸ್ ಟ್ಯಾಬಿನಲ್ಲಿ "ಜನರೇಟ್ ವೇರಿಯೇಷನ್ಸ್" ಗುಂಡಿ ಕಣ್ಣಿಗೆ ಬೀಳುತ್ತದೆ. ಅದನ್ನು ಒತ್ತಬೇಡಿ, ಒತ್ತಿದರೆ ತರಿಯನ್ನೂ ಗುಣಿಸಿ 60 ಜೋಡಿಗಳಿಗೆ ಸಾಲು ಮಾಡಲು ಹೊರಡುತ್ತದೆ. ಪಕ್ಕದ "ಆಡ್ ಮ್ಯಾನ್ಯುಯಲಿ" ಬಳಸಿ 12 ಸಾಲನ್ನು ನೀವೇ ಸೇರಿಸಿ. ಪ್ರತಿ ಸಾಲಿನಲ್ಲೂ ಮಿಶ್ರಣ ಮತ್ತು ತೂಕವನ್ನು ನಿರ್ದಿಷ್ಟವಾಗಿ ಆರಿಸಿ, ತರಿಯನ್ನು ಮಾತ್ರ "ಎನಿ" ಎಂದೇ ಬಿಡಿ. ಆಗ ಗಿರಾಕಿ ತರಿ ಆರಿಸದೆ ಮುಂದೆ ಹೋಗಲಾಗುವುದಿಲ್ಲ, ಆರಿಸಿದ್ದು ಆರ್ಡರಿನಲ್ಲಿ ದಾಖಲಾಗುತ್ತದೆ, ದಾಸ್ತಾನು ಮಾತ್ರ ಒಂದೇ ಕಡೆ ಕಳೆಯುತ್ತದೆ. ಇದಕ್ಕಾಗಿ ಹಣ ಕೊಟ್ಟು ಪ್ಲಗಿನ್ ಕೊಳ್ಳುವ ಅಗತ್ಯವಿಲ್ಲ.

ಇಡೀ ಬೀಜಕ್ಕೆ ಮಾತ್ರ ಬೇರೆ ಬೆಲೆ ಇಡಬೇಕೆಂದಿದ್ದರೆ ಅದಕ್ಕೆ ಪ್ರತ್ಯೇಕ ಸಾಲು ಮಾಡಿ, "ಎನಿ" ಇರುವ ಸಾಲಿಗಿಂತ ಮೇಲೆ ಇಡಿ. ಮೊದಲು ಹೊಂದಿಕೆಯಾದ ಸಾಲನ್ನೇ ವೂಕಾಮರ್ಸ್ ತೆಗೆದುಕೊಳ್ಳುತ್ತದೆ.

ಉ) ಪ್ರತಿ ಸಾಲನ್ನೂ ತೆರೆದು ಬೆಲೆ, ತೂಕ, ಫೋಟೋ, ಎಸ್‌ಕೆಯು ತುಂಬಿ. ಎಸ್‌ಕೆಯು ಎಂದರೆ ಆ ಬಗೆಗೆ ನೀವು ಕೊಡುವ ಗುರುತಿನ ಸಂಕೇತ, "ಪಿಬಿ-250" ಎಂದರೆ ಪೀಬೆರಿ 250 ಗ್ರಾಂ ಎಂಬಂತೆ. ಬೆಲೆ ಖಾಲಿ ಬಿಟ್ಟ ಸಾಲು ಮಾರಾಟಕ್ಕೆ ಸಿಗುವುದಿಲ್ಲ.

ಊ) ಡೀಫಾಲ್ಟ್ ಆಯ್ಕೆ: ಪುಟ ತೆರೆದಾಗ ಮೊದಲೇ ಆರಿಸಿರುವ ಬಗೆ. ಮಿಶ್ರಣಕ್ಕೂ ತೂಕಕ್ಕೂ ಡೀಫಾಲ್ಟ್ ಇಡಿ, ಆಗ ಬೆಲೆಯ ಅಂದಾಜು ಕೂಡಲೇ ಸಿಗುತ್ತದೆ. ತರಿಗೆ ಮಾತ್ರ ಇಡಬೇಡಿ. ಇಟ್ಟರೆ ಗಿರಾಕಿ ಅದನ್ನು ಗಮನಿಸದೆ ಹಣ ಕಟ್ಟುತ್ತಾರೆ. ಒಮ್ಮೆ ಪುಡಿ ಮಾಡಿದ್ದನ್ನು ಮತ್ತೆ ಬೀಜ ಮಾಡಲಾಗದು.

ಮುಂದೆ ಮಿಶ್ರಣ ಹೆಚ್ಚಿಸುವ ಆಸೆ ಬಂದರೂ ಒಂದು ಪ್ರಾಡಕ್ಟಿನಲ್ಲಿ 30 ವೇರಿಯೇಷನ್ ದಾಟಬೇಡಿ. ದಾಟಿದರೆ ವೂಕಾಮರ್ಸ್ ಪಟ್ಟಿಯಿಂದ ಇಲ್ಲದ ಜೋಡಿಗಳನ್ನು ಮರೆಮಾಡುವುದನ್ನು ನಿಲ್ಲಿಸುತ್ತದೆ, ಪ್ರತಿ ಆಯ್ಕೆಗೂ ಸರ್ವರನ್ನು ಕೇಳುತ್ತದೆ. ಗಿರಾಕಿ ಎಲ್ಲ ಆರಿಸಿದ ಮೇಲೆ "ಈ ಜೋಡಿ ಲಭ್ಯವಿಲ್ಲ" ಎಂದು ಬರುತ್ತದೆ.

5. ಶಾಪಿಫೈ ಇದ್ದವರಿಗೆ

ಶಾಪಿಫೈ ಎಂಬುದು ಬಾಡಿಗೆ ಕಟ್ಟಿ ಬಳಸುವ ಆನ್‌ಲೈನ್ ಅಂಗಡಿ ಸೇವೆ. ಅದರಲ್ಲಿ ಒಂದು ಸರಕಿಗೆ ಮೂರು ಆಯ್ಕೆ ಮಾತ್ರ. ಒಟ್ಟು ವೇರಿಯಂಟ್‌ಗಳ (ವೇರಿಯೇಷನ್‌ಗೆ ಇಲ್ಲಿನ ಹೆಸರು) ಮಿತಿ ಬಹುಕಾಲ 100 ಇತ್ತು, 2025ರಲ್ಲಿ ಅದನ್ನು 2,048ಕ್ಕೆ ಏರಿಸಿದರು. ಮಿತಿ ದೊಡ್ಡದಾಯಿತೆಂದು ತರಿಯನ್ನೂ ವೇರಿಯಂಟ್ ಮಾಡಬೇಡಿ, ದಾಸ್ತಾನು ಹರಿದು ಹಂಚಿಹೋಗುವ ಸಮಸ್ಯೆ ಇಲ್ಲೂ ಅದೇ. ತರಿಗೆ "ಲೈನ್ ಐಟಂ ಪ್ರಾಪರ್ಟಿ" ಎಂಬ ಸೌಲಭ್ಯ ಬಳಸಿ. ಆರ್ಡರಿನ ಆ ಸಾಲಿಗೆ ಅಂಟಿಕೊಂಡು ಬರುವ ಟಿಪ್ಪಣಿ ಅದು. ಥೀಮಿನಲ್ಲಿ, ಅಂದರೆ ಸೈಟಿನ ವಿನ್ಯಾಸದ ಕಡತಗಳಲ್ಲಿ, ಸ್ವಲ್ಪ ಕೋಡ್ ಸೇರಿಸಬೇಕು, ಇಲ್ಲವೇ ಆ್ಯಪ್ ಹಾಕಿಕೊಳ್ಳಬೇಕು. ಅದರಿಂದ ಬೆಲೆ ಬದಲಾಗುವುದಿಲ್ಲ ಎಂಬುದು ನೆನಪಿರಲಿ.

6. ದಾಸ್ತಾನು: ಕಿಲೋ ಲೆಕ್ಕ ಸೈಟಿಗೆ ಗೊತ್ತಿಲ್ಲ

ವೂಕಾಮರ್ಸ್‌ನಲ್ಲಿ ದಾಸ್ತಾನನ್ನು ಇಡೀ ಪ್ರಾಡಕ್ಟಿಗೆ ಒಟ್ಟಾಗಿ ಇಡಬಹುದು, ಅಥವಾ ಪ್ರತಿ ವೇರಿಯೇಷನ್‌ಗೆ ಇಡಬಹುದು. ಒಟ್ಟಾಗಿ ಇಟ್ಟರೆ 250 ಗ್ರಾಂ ಮಾರಿದರೂ ಒಂದು ಕಳೆಯುತ್ತದೆ, 1 ಕೆ.ಜಿ. ಮಾರಿದರೂ ಒಂದೇ ಕಳೆಯುತ್ತದೆ. "40 ಕೆ.ಜಿ. ಇದೆ" ಎಂದು 40 ತುಂಬಿದವರಿಗೆ ಲೆಕ್ಕ ಕೂಡಲೇ ತಪ್ಪುತ್ತದೆ.

ಪ್ಯಾಕೆಟ್ ಮಾಡಿ ಇಡುವವರು ಪ್ರತಿ ವೇರಿಯೇಷನ್‌ಗೂ ಪ್ಯಾಕೆಟ್ಟುಗಳ ಸಂಖ್ಯೆ ತುಂಬಿ. ಆರ್ಡರ್ ಬಂದ ಮೇಲೆ ಹುರಿಯುವವರಾದರೆ ಸಂಖ್ಯೆ ಇಡಲೇಬೇಡಿ. "ಇನ್ ಸ್ಟಾಕ್" ಎಂದಷ್ಟೇ ಇಟ್ಟು, ಬೀಜ ಕಡಿಮೆಯಾದಾಗ ಕೈಯಾರೆ ಮುಚ್ಚಿ. ಹಸಿ ಬೀಜ ಹುರಿದಾಗ ತೂಕದಲ್ಲಿ ಸುಮಾರು 15ರಿಂದ 20 ಪರ್ಸೆಂಟ್ ಕಳೆದುಕೊಳ್ಳುತ್ತದೆ. ಮೂಟೆಯಲ್ಲಿ 10 ಕೆ.ಜಿ. ಇದ್ದರೆ ಮಾರಲು ಸಿಗುವುದು ಎಂಟು ಚಿಲ್ಲರೆ. ಪೀಬೆರಿ ಬೆಳೆಯ ಸಣ್ಣ ಪಾಲಾದ್ದರಿಂದ ಅದಕ್ಕೆ ಮಾತ್ರ ಸಂಖ್ಯೆ ಇಡಲೇಬೇಕು.

7. ಪಾರ್ಸೆಲ್ ತೂಕ

ಅನೇಕ ಕೊರಿಯರ್‌ಗಳ ದರ 500 ಗ್ರಾಂ ಹಂತಗಳಲ್ಲಿ ಏರುತ್ತದೆ. 500 ಗ್ರಾಂ ಪುಡಿಗೆ ಪ್ಯಾಕೆಟ್, ರಟ್ಟಿನ ಡಬ್ಬ, ಟೇಪು ಸೇರಿದರೆ ಅರ್ಧ ಕೆ.ಜಿ. ದಾಟುತ್ತದೆ, ನೀವು ಕಟ್ಟುವುದು ಒಂದು ಕೆ.ಜಿ.ಯ ದರ. ಸೈಟಿನಲ್ಲಿ ತೂಕ 0.5 ಎಂದು ಹಾಕಿದ್ದರೆ ವ್ಯತ್ಯಾಸ ನಿಮ್ಮ ಕೈಯಿಂದ ಹೋಗುತ್ತದೆ. ಆದ್ದರಿಂದ ವೇರಿಯೇಷನ್‌ನ ತೂಕದ ಖಾನೆಯಲ್ಲಿ ಕಟ್ಟಿದ ಪಾರ್ಸೆಲ್‌ನ ತೂಕ ಹಾಕಿ, ನಿವ್ವಳ ತೂಕವನ್ನು ಆಯ್ಕೆಯ ಹೆಸರಿನಲ್ಲಿ ತೋರಿಸಿ. ಈ ಕಾರಣಕ್ಕೇ 450 ಗ್ರಾಂ ಪ್ಯಾಕೆಟ್ ಮಾಡುವುದನ್ನೂ ಯೋಚಿಸಬಹುದು.

ಗಿಫ್ಟ್ ಬಾಕ್ಸಿಗೆ ಗಾತ್ರದ ತೂಕವೂ ಇದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 25 × 20 × 15ರ ಡಬ್ಬ ಒಂದೂವರೆ ಕೆ.ಜಿ. ಎಂದು ಲೆಕ್ಕವಾಗುತ್ತದೆ, ಒಳಗೆ ಮುಕ್ಕಾಲು ಕೆ.ಜಿ. ಇದ್ದರೂ ಸರಿ. ನಿಮ್ಮ ಕೊರಿಯರಿನವರು ಯಾವ ಭಾಜಕ ಬಳಸುತ್ತಾರೆಂದು ಕೇಳಿಕೊಳ್ಳಿ.

ನಮ್ಮ ಜಿಲ್ಲೆಗೆ ರೈಲಿಲ್ಲ, ಪಾರ್ಸೆಲ್ ಎಲ್ಲ ರಸ್ತೆಯಲ್ಲೇ ಇಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲುಪುವ ದಿನಗಳನ್ನು ಪುಟದಲ್ಲೇ ಹೆಚ್ಚಿಸಿ ಬರೆಯಿರಿ. ಹೋಂಸ್ಟೇ ನಡೆಸುವವರು "ಲೋಕಲ್ ಪಿಕಪ್" ಆಯ್ಕೆಯನ್ನೂ ತೆರೆದಿಡಿ, ಬಂದ ಅತಿಥಿಗಳು ಹೊರಡುವಾಗ ತಾವೇ ಒಯ್ಯುತ್ತಾರೆ.

8. ಗಿಫ್ಟ್ ಬಾಕ್ಸ್ ಮತ್ತು ಹೆಸರು ಬರೆಸುವ ಖಾನೆ

ಪುತ್ತರಿಗೆ, ಮದುವೆಗೆ ಗಿಫ್ಟ್ ಬಾಕ್ಸ್ ಕೇಳುವವರು ಹೆಚ್ಚು. ಕಾಫಿ, ಏಲಕ್ಕಿ, ಜೇನು, ಚಾಕೊಲೇಟುಗಳಲ್ಲಿ ಯಾವುದಾದರೂ ಮೂರು ಆರಿಸಿಕೊಳ್ಳಿ ಎನ್ನುವ ಮೊದಲು ಲೆಕ್ಕಪತ್ರ ನೋಡುವವರ ಬಳಿ ಮಾತಾಡಿ. ಬೇರೆ ಬೇರೆ ಜಿಎಸ್‌ಟಿ ದರದ ವಸ್ತುಗಳನ್ನು ಒಂದೇ ಬೆಲೆಗೆ ಒಟ್ಟಾಗಿ ಮಾರಿದರೆ ಅದು ಮಿಶ್ರ ಪೂರೈಕೆ ಎನಿಸಿ, ಅವುಗಳಲ್ಲಿ ಅತಿ ಹೆಚ್ಚಿನ ದರವೇ ಇಡೀ ಬಾಕ್ಸಿಗೆ ಬೀಳಬಹುದು. ಕಾಚಂಪುಳಿಯಂಥ ದ್ರವದ ಬಾಟಲಿಯನ್ನು ಇಂಥ ಬಾಕ್ಸಿನಿಂದ ಹೊರಗಿಡಿ ಎಂಬುದು ನನ್ನ ಸಲಹೆ. ಸೋರಿದರೆ ಜೊತೆಗಿದ್ದದ್ದೆಲ್ಲ ಹಾಳು.

ಚೀಟಿಯ ಮೇಲೆ ಹೆಸರು ಬರೆಸುವ ಖಾನೆಗೆ ಆಡ್-ಆನ್ ಪ್ಲಗಿನ್ ಬೇಕು. ವೂಕಾಮರ್ಸ್‌ನದೇ ಪ್ರಾಡಕ್ಟ್ ಆಡ್-ಆನ್ಸ್‌ಗೆ ಹಣ ಕೊಡಬೇಕು, ಬೇರೆ ಉಚಿತ ಪ್ಲಗಿನ್‌ಗಳೂ ಇವೆ. ಅಕ್ಷರ ಮಿತಿ ಇಡುವಾಗ ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. "ಕಾವೇರಮ್ಮ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಎಂಟು, ಏಕೆಂದರೆ ಕಾಗುಣಿತದ ಚಿಹ್ನೆ, ಒತ್ತು ಎಲ್ಲವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಇಂಗ್ಲಿಷಿಗೆಂದು 20 ಇಟ್ಟರೆ ಕನ್ನಡದ ಶುಭಾಶಯ ನಡುವೆಯೇ ತುಂಡಾಗುತ್ತದೆ. 60 ಇಡಿ. ಬರೆದದ್ದು ಪಿಡಿಎಫ್ ಬಿಲ್ಲಿನಲ್ಲೂ ಪ್ಯಾಕಿಂಗ್ ಚೀಟಿಯಲ್ಲೂ ಕನ್ನಡವಾಗಿಯೇ ಮೂಡುತ್ತದೆಯೇ ಎಂದು ಪರೀಕ್ಷಿಸಿ. ಕನ್ನಡ ಫಾಂಟ್ ಇಲ್ಲದ ಕಡೆ ಬರೀ ಚೌಕಗಳು ಬರುತ್ತವೆ.

9. ತೆರೆಯುವ ಮೊದಲು

ಪಾವತಿಯ ಟೆಸ್ಟ್ ಮೋಡ್ ಹಾಕಿ, ಲಾಗಿನ್ ಆಗದೆ, ಮೊಬೈಲಿನಿಂದ ಆರ್ಡರ್ ಮಾಡಿ. 12 ಬಗೆಯನ್ನೂ ಒಂದೊಂದಾಗಿ ಬುಟ್ಟಿಗೆ ಹಾಕಿ ಬೆಲೆ ನೋಡಿ. ಆಮೇಲೆ ನಿಮಗೆ ಬಂದ ಇಮೇಲನ್ನು ಪ್ಯಾಕ್ ಮಾಡುವವರ ಕೈಗೆ ಕೊಟ್ಟು, ಇದನ್ನು ಓದಿ ಏನು ಕಟ್ಟುತ್ತೀರಿ ಎಂದು ಕೇಳಿ. ನಾವು ತರಿಯನ್ನು ಎಸ್‌ಕೆಯುನಲ್ಲಿ ಸೇರಿಸಿಲ್ಲ, ಆದ್ದರಿಂದ ಚೀಟಿಯಲ್ಲಿ ಎಸ್‌ಕೆಯು ಮಾತ್ರ ಅಚ್ಚಾಗುತ್ತಿದ್ದರೆ ಪುಡಿಯೋ ಬೀಜವೋ ಅವರಿಗೆ ಗೊತ್ತಾಗುವುದಿಲ್ಲ. ತರಿಯ ಸಾಲು ಚೀಟಿಯಲ್ಲಿ ಕಾಣುವವರೆಗೆ ಅಂಗಡಿ ತೆರೆಯಬೇಡಿ. ಪುಡಿ ಮಾಡಿದ್ದನ್ನು ವಾಪಸ್ ಪಡೆಯುತ್ತೀರೋ ಇಲ್ಲವೋ ಎಂಬುದನ್ನೂ ಹಣ ಕಟ್ಟುವ ಮೊದಲೇ ಗಿರಾಕಿಗೆ ಕಾಣುವಂತೆ ಬರೆಯಿರಿ.

ಮುಂದೆ ಯಾವುದಾದರೂ ಮಿಶ್ರಣ ನಿಲ್ಲಿಸಬೇಕಾದರೆ ಆ ವೇರಿಯೇಷನ್ ಅಳಿಸಬೇಡಿ, ಅದರ "ಎನೇಬಲ್ಡ್" ಟಿಕ್ ತೆಗೆಯಿರಿ. ಪುಟದಿಂದ ಮರೆಯಾಗುತ್ತದೆ, ಬೆಲೆ, ಫೋಟೋ, ಎಸ್‌ಕೆಯು ಹಾಗೆಯೇ ಉಳಿಯುತ್ತವೆ. ಮುಂದಿನ ಕೊಯ್ಲಿನ ಪೀಬೆರಿ ಬಂದಾಗ ಬೆಲೆ ತಿದ್ದಿ ಮತ್ತೆ ಟಿಕ್ ಹಾಕಿದರಾಯಿತು.